ಗುಲ್ಮದ ಗಾತ್ರ, ಗುಲ್ಮದ ಕಾರ್ಯ: ಮಂಡ್ಯ ಸೀಮೆಯ ಹಿನ್ನೆಲೆಯಲ್ಲಿ ಒಂದು ಮಾಪನದ ವಿಮರ್ಶೆ

1. ಪೀಠಿಕೆ

ಎಡಪಕ್ಕೆಯ ಕೊನೆಯ ಎಲುಬುಗಳ ಮರೆಯಲ್ಲಿರುವ ಗುಲ್ಮವು ವಯಸ್ಕರಲ್ಲಿ ಸುಮಾರು 150 ಗ್ರಾಂ ತೂಗುವ ಅಂಗ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಸಿಕ್ಕಿತೆಂದರೆ ವೈದ್ಯರು ರೋಗವನ್ನು ಶಂಕಿಸುತ್ತಾರೆ. ಈ ಕಾರಣದಿಂದ ವೈದ್ಯಲೋಕದ ಗಮನವು ಬಹುಕಾಲ ಗುಲ್ಮದ ಗಾತ್ರದ ಮೇಲೆಯೇ ನೆಲೆಸಿತ್ತು. ಅದು ಎಷ್ಟು ಊದಿದೆ, ಪಕ್ಕೆಲುಬಿನ ಅಂಚಿನಿಂದ ಎಷ್ಟು ಬೆರಳು ಕೆಳಗಿಳಿದಿದೆ ಎಂಬುದು ದಾಖಲಾಗುತ್ತಿತ್ತು. ಅದು ತನ್ನ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತಿದೆ ಎಂಬ ಪ್ರಶ್ನೆ ಬಹಳ ತಡವಾಗಿ ಹುಟ್ಟಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ನ್ಯೂಕ್ಲಿಯರ್ ವೈದ್ಯಕೀಯವು ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಸಾಧನವೊಂದನ್ನು ಒದಗಿಸಿತು. ಶಸ್ತ್ರಕ್ರಿಯೆ, ಗುಲ್ಮದ ರಕ್ತನಾಳವನ್ನು ಮುಚ್ಚುವ ಚಿಕಿತ್ಸೆ, ರಕ್ತಪೂರಣ ಅಥವಾ ಔಷಧ ಇವುಗಳ ಬಳಿಕ ರೋಗಿಯಲ್ಲಿ ಗುಲ್ಮದ ಕಾರ್ಯ ಎಷ್ಟು ಉಳಿದಿದೆ ಎಂಬುದನ್ನು ವಿಕಿರಣಪಟು ವಸ್ತುವಿನ ನೆರವಿನಿಂದ ಚಿತ್ರಿಸಿ ಅಳೆಯುವ ಕ್ರಮವು ಇಂದು ವೈದ್ಯವಿಜ್ಞಾನದಲ್ಲಿ ನೆಲೆಗೊಂಡಿದೆ. ಆ ಮಾಪನವು ನಿಜವಾಗಿ ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಹಿನ್ನೆಲೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಕೃಷ್ಣರಾಜಸಾಗರದ ನೀರು ಈ ಸೀಮೆಗೆ ಹರಿದ ಕಾಲದಲ್ಲಿ ಗುಲ್ಮವು ಇಲ್ಲಿ ಕೇವಲ ರೋಗಿಯೊಬ್ಬನ ಅಂಗವಾಗಿ ಉಳಿಯದೆ, ಊರಿನ ಆರೋಗ್ಯವನ್ನು ಅಳೆಯುವ ಮಾನದಂಡವಾಗಿತ್ತು. ಒಂದೇ ಅಂಗದ ಎರಡು ಬಗೆಯ ಅಳತೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಇದಕ್ಕಿಂತ ಸೂಕ್ತವಾದ ನೆಲ ನಾಡಿನಲ್ಲಿ ವಿರಳ.

2. ಹೆಸರಿನ ತೊಡಕು

ಕನ್ನಡದಲ್ಲಿ ಈ ಅಂಗಕ್ಕೆ ಇರುವ ಹೆಸರುಗಳೇ ಗಾತ್ರದ ಕಡೆಗೆ ವಾಲಿವೆ. ಆಯುರ್ವೇದ ಸಂಹಿತೆಗಳಲ್ಲಿ ಅಂಗದ ಹೆಸರು ಪ್ಲೀಹ. ಗುಲ್ಮವೆಂಬುದು ಅಲ್ಲಿ ಹೊಟ್ಟೆಯಲ್ಲಿ ಕೈಗೆ ತಗಲುವ ಗಂಟಿನ ರೂಪದ ವ್ಯಾಧಿ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಗುಲ್ಮಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟು, ಪ್ಲೀಹದ ಊತವನ್ನು ಉದರರೋಗಗಳ ಅಧ್ಯಾಯದಲ್ಲಿ ಬೇರೆಯಾಗಿ ವಿವರಿಸುತ್ತದೆ. ಆಧುನಿಕ ಕನ್ನಡ ಪಠ್ಯಪುಸ್ತಕಗಳಲ್ಲಿ ಗುಲ್ಮ ಎಂಬ ಪದವು ಅಂಗದ ಹೆಸರಾಗಿ ಬಳಕೆಗೆ ಬಂದಿತು. ಪ್ಲೀಹವೂ ಅದರ ಜೊತೆಯಲ್ಲಿಯೇ ಉಳಿಯಿತು. ಹೀಗೆ ವ್ಯಾಧಿಯ ಹೆಸರು ಅಂಗದ ಹೆಸರಾದಾಗ, ಅಂಗವೆಂದರೆ ಊತ ಎಂಬ ಛಾಯೆಯೂ ಅದರೊಡನೆ ಬಂದಿತು.

ಜನಬಳಕೆಯ ಜ್ವರಗಡ್ಡೆ ಎಂಬ ಮಾತು ಇನ್ನೂ ನೇರವಾದುದು. ಮೇಲಿಂದ ಮೇಲೆ ಚಳಿಜ್ವರ ಬಂದವರ ಎಡಹೊಟ್ಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವ ಗಡ್ಡೆ ಎಂಬುದು ಅದರ ಅರ್ಥ. ಅನುಭವದಿಂದ ಹುಟ್ಟಿದ ಈ ಪದವು ಜ್ವರಕ್ಕೂ ಗುಲ್ಮಕ್ಕೂ ಇರುವ ಸಂಬಂಧವನ್ನು ಸರಿಯಾಗಿಯೇ ಗುರುತಿಸುತ್ತದೆ. ಆದರೆ ಗಡ್ಡೆಯೆಂಬುದು ಬೇಡದ ಬೆಳವಣಿಗೆ. ಅದನ್ನು ಕರಗಿಸಬೇಕು ಅಥವಾ ತೆಗೆಯಬೇಕು. ಹಾಗೆ ಕರೆಯಿಸಿಕೊಂಡ ಅಂಗಕ್ಕೆ ಶರೀರದಲ್ಲಿ ಒಂದು ಉದ್ಯೋಗವಿದೆ ಎಂಬ ತಿಳಿವಳಿಕೆಗೆ ಆ ಪದದಲ್ಲಿ ಅವಕಾಶವಿಲ್ಲ. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲ ಎಂದು ಆರೋಗ್ಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯವೂ ಇದೇ ಮನೋಭಾವದ ಮುಂದುವರಿಕೆ. ಆ ವಾಕ್ಯ ಸುಳ್ಳಲ್ಲ. ಆದರೆ ಹೇಗೆ ಬದುಕಬೇಕು, ಯಾವ ಎಚ್ಚರಿಕೆಯೊಡನೆ ಬದುಕಬೇಕು ಎಂಬುದನ್ನು ಅದು ಹೇಳುವುದಿಲ್ಲ.

3. ನಾಲೆ, ಚಳಿಜ್ವರ ಮತ್ತು ಗುಲ್ಮದ ಎಣಿಕೆ

ಗುಲ್ಮದ ಗಾತ್ರವನ್ನು ಒಂದು ಪ್ರದೇಶದ ಲಕ್ಷಣವಾಗಿ ಎಣಿಸುವ ಪದ್ಧತಿ ಭಾರತದಲ್ಲಿ, ಅದರಲ್ಲಿಯೂ ನೀರಾವರಿ ನಾಲೆಗಳ ದಂಡೆಯಲ್ಲಿ ರೂಪುಗೊಂಡಿತು ಎಂಬುದು ಗಮನಾರ್ಹ ಸಂಗತಿ. ಉತ್ತರ ಭಾರತದ ಯಮುನಾ ನಾಲೆಗಳಿಂದ ಜನರ ಆರೋಗ್ಯಕ್ಕೆ ಹಾನಿಯಾಗುತ್ತಿದೆಯೇ ಎಂದು ಪರಿಶೀಲಿಸಲು 1840ರ ದಶಕದಲ್ಲಿ ಬೇಕರ್, ಡೆಂಪ್‌ಸ್ಟರ್ ಮತ್ತು ಯೂಲ್ ಅವರ ಸಮಿತಿ ನೇಮಕಗೊಂಡಿತು. ಸಮಿತಿಯ ವೈದ್ಯ ಡೆಂಪ್‌ಸ್ಟರ್, ಹಳ್ಳಿಗಳಲ್ಲಿ ಊದಿದ ಗುಲ್ಮವುಳ್ಳವರ ಪ್ರಮಾಣವನ್ನು ಎಣಿಸಿ, ಅದನ್ನೇ ಆ ಸ್ಥಳದ ಜ್ವರಬಾಧೆಯ ಅಳತೆಯೆಂದು ಪರಿಗಣಿಸಿದರು. ಮಲೇರಿಯಾದ ಪರೋಪಜೀವಿಯಾಗಲಿ, ಅದನ್ನು ಹರಡುವ ಸೊಳ್ಳೆಯ ಪಾತ್ರವಾಗಲಿ ಇನ್ನೂ ತಿಳಿದಿರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂಬ ನಂಬಿಕೆಯೇ ಪ್ರಚಲಿತವಾಗಿತ್ತು. ಕಾರಣ ತಿಳಿಯದಿದ್ದರೂ ಅಳತೆ ಫಲಿಸಿತು.

ಸುಮಾರು ಎಂಟು ದಶಕಗಳ ಬಳಿಕ ಇಂಥದೇ ಪರಿಸ್ಥಿತಿ ಮೈಸೂರು ಸಂಸ್ಥಾನದಲ್ಲಿ ಎದುರಾಯಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡು, ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರುಣಿಸತೊಡಗಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಮತ್ತು ಕಬ್ಬು ಬಂದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ಸಮೃದ್ಧಿಯ ಕಥೆಯನ್ನು ನಾಡು ಚೆನ್ನಾಗಿ ನೆನಪಿಟ್ಟಿದೆ. ಅದರ ಜೊತೆಯಲ್ಲಿಯೇ ನಾಲೆಯ ಬಸಿನೀರು, ಗದ್ದೆಯ ಕಾಲುವೆ, ನಿಂತ ಹೊಂಡಗಳಲ್ಲಿ ಅನಾಫಿಲಿಸ್ ಸೊಳ್ಳೆಗಳು ಹೆಚ್ಚಿ ಚಳಿಜ್ವರ ಈ ಸೀಮೆಯನ್ನು ಕಾಡಿದ ಕಥೆಗೆ ಅಷ್ಟು ಪ್ರಚಾರ ದೊರೆತಿಲ್ಲ.

ಮೈಸೂರು ಸರ್ಕಾರದ ಆರೋಗ್ಯ ಇಲಾಖೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ವ್ಯವಸ್ಥಿತವಾದ ಮಲೇರಿಯಾ ಅಧ್ಯಯನಗಳನ್ನು ಕೈಗೊಂಡಿತು. ಡಬ್ಲ್ಯು. ಸಿ. ಸ್ವೀಟ್, ಬಿ. ಎ. ರಾವ್ ಮೊದಲಾದವರು ಸೊಳ್ಳೆಗಳ ಬಗೆಗಳನ್ನು ಕುರಿತು 1930ರ ದಶಕದಲ್ಲಿ ಪ್ರಕಟಿಸಿದ ಲೇಖನಗಳು ಇಂದಿಗೂ ಉಲ್ಲೇಖಗೊಳ್ಳುತ್ತವೆ. ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಒಂದು ಪ್ರಭೇದಕ್ಕೆ ಮೈಸೊರೆನ್ಸಿಸ್ ಎಂಬ ಹೆಸರು ಬಂದುದು ಈ ಸಂಶೋಧನೆಯಿಂದಲೇ. ಆ ಕಾಲದ ಮಲೇರಿಯಾ ಸಮೀಕ್ಷೆಗಳ ಮೂಲ ಅಳತೆಗಳಲ್ಲಿ ಗುಲ್ಮಸೂಚಿ ಮುಖ್ಯವಾದುದು. ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಥವಾ ಮಲಗಿಸಿ, ಎಡಪಕ್ಕೆಯ ಕೆಳಗೆ ಬೆರಳೂರಿ, ನೂರು ಮಕ್ಕಳಲ್ಲಿ ಎಷ್ಟು ಮಂದಿಯ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸುವುದು ಅದರ ಕ್ರಮ. 1944ರಲ್ಲಿ ಹ್ಯಾಕೆಟ್ ಅವರು ಊತವನ್ನು 0ಯಿಂದ 5ರವರೆಗಿನ ದರ್ಜೆಗಳಲ್ಲಿ ಗುರುತಿಸುವ ವಿಧಾನವನ್ನು ರೂಪಿಸಿದರು. 1950ರಲ್ಲಿ ಕಂಪಾಲಾದಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನವು ಈ ಸೂಚಿಯನ್ನೇ ಆಧಾರವಾಗಿಟ್ಟುಕೊಂಡು ಪ್ರದೇಶಗಳನ್ನು ವರ್ಗೀಕರಿಸಿತು: ಪ್ರಮಾಣವು ಶೇಕಡಾ 10ರೊಳಗಿದ್ದರೆ ಅಲ್ಪಬಾಧೆ, 50ನ್ನು ಮೀರಿದರೆ ತೀವ್ರಬಾಧೆ.

ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಗುಲ್ಮಸೂಚಿ ಉಪಯುಕ್ತವಾದ ಅಳತೆ. ಯಂತ್ರ ಬೇಡ, ಪ್ರಯೋಗಾಲಯ ಬೇಡ. ಅನುಭವಿ ಕೈ ಸಾಕು. ಆದರೆ ಅದು ಊರನ್ನು ಕುರಿತ ಹೇಳಿಕೆಯಾಗಿತ್ತು. ಮಗುವಿನ ಗುಲ್ಮವು ಆ ಊರಿನಲ್ಲಿ ಎಷ್ಟು ಸೊಳ್ಳೆಗಳಿವೆ ಎಂಬುದಕ್ಕೆ ಸಾಕ್ಷಿ ಹೇಳುತ್ತಿತ್ತು. ಆ ಮಗುವಿನ ರಕ್ಷಣಾಶಕ್ತಿ ಎಷ್ಟು ಉಳಿದಿದೆ ಎಂಬುದನ್ನು ಹೇಳುತ್ತಿರಲಿಲ್ಲ. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮತ್ತು 1958ರ ನಿರ್ಮೂಲನ ಕಾರ್ಯಕ್ರಮಗಳ ಕಾಲದಲ್ಲಿ ರಕ್ತಲೇಪನದ ಪರೀಕ್ಷೆಗೆ ಪ್ರಾಧಾನ್ಯ ಬಂದಂತೆ ಗುಲ್ಮಸೂಚಿ ಹಿಂದೆ ಸರಿಯಿತು. ಅಳತೆ ಹಿಂದೆ ಸರಿದರೂ ಅದು ಬೆಳೆಸಿದ ದೃಷ್ಟಿ, ಅಂದರೆ ಗುಲ್ಮವನ್ನು ಗಾತ್ರದಿಂದ ತಿಳಿಯುವ ದೃಷ್ಟಿ, ಉಳಿದುಕೊಂಡಿತು.

4. ಕೈಗೆ ಸಿಕ್ಕರೂ ಕೆಲಸ ಮಾಡದ ಗುಲ್ಮ

ಗುಲ್ಮಕ್ಕೆ ಎರಡು ಮುಖ್ಯ ಕಾರ್ಯಗಳಿವೆ. ಮೊದಲನೆಯದು ಸೋಸುವಿಕೆ: ಮುಪ್ಪಾದ ಹಾಗೂ ವಿಕೃತಗೊಂಡ ಕೆಂಪು ರಕ್ತಕಣಗಳನ್ನು ಹಿಡಿದು ನಾಶಪಡಿಸುವುದು, ಆರೋಗ್ಯವಾದ ಕಣಗಳೊಳಗೆ ಉಳಿದ ನ್ಯೂಕ್ಲಿಯಸ್ಸಿನ ತುಣುಕುಗಳನ್ನು ಹೊರತೆಗೆದು ಕಣವನ್ನು ಮತ್ತೆ ಹರಿಯಬಿಡುವುದು, ರಕ್ತದಲ್ಲಿ ಸೇರಿದ ರೋಗಾಣುಗಳನ್ನು ಕಬಳಿಸುವುದು. ಎರಡನೆಯದು ರೋಗನಿರೋಧ: ನ್ಯುಮೋಕಾಕಸ್‌ನಂತಹ, ಸಕ್ಕರೆಯ ಹೊದಿಕೆಯುಳ್ಳ ಬ್ಯಾಕ್ಟೀರಿಯಾಗಳ ವಿರುದ್ಧ ಬೇಗನೆ ಪ್ರತಿಕಾಯಗಳನ್ನು ಸಿದ್ಧಪಡಿಸುವುದು. 1952ರಲ್ಲಿ ಕಿಂಗ್ ಮತ್ತು ಶೂಮಾಕರ್ ಅವರು ಗುಲ್ಮ ತೆಗೆದ ಶಿಶುಗಳಲ್ಲಿ ಕಂಡುಬಂದ ತೀವ್ರ ಸೋಂಕುಗಳನ್ನು ವರದಿ ಮಾಡಿದ ಬಳಿಕ, ಗುಲ್ಮವು ಅನಾವಶ್ಯಕ ಅಂಗವೆಂಬ ಕಲ್ಪನೆ ಕುಸಿಯಿತು. ಗುಲ್ಮವಿಲ್ಲದವರಲ್ಲಿ ಸಾಮಾನ್ಯ ಜ್ವರದಂತೆ ತೋರಿದ್ದು ಗಂಟೆಗಳೊಳಗೆ ಪ್ರಾಣಾಂತಿಕವಾಗಬಲ್ಲದು.

ಗಾತ್ರ ಮತ್ತು ಕಾರ್ಯಗಳ ನಡುವಿನ ಅಂತರವನ್ನು ನಿಸ್ಸಂದೇಹವಾಗಿ ತೋರಿಸಿದ್ದು ಪಿಯರ್ಸನ್, ಸ್ಪೆನ್ಸರ್ ಮತ್ತು ಕಾರ್ನೀಲಿಯಸ್ ಅವರ 1969ರ ಅಧ್ಯಯನ. ಸಿಕಲ್ ಸೆಲ್ ರಕ್ತಹೀನತೆ, ಅಂದರೆ ಕುಡುಗೋಲು ಕಣ ರೋಗವುಳ್ಳ ಮಕ್ಕಳಲ್ಲಿ ಗುಲ್ಮವು ಊದಿಕೊಂಡು ಕೈಗೆ ಸಿಗುತ್ತಿದ್ದರೂ, ಟೆಕ್ನೀಷಿಯಂ ಬೆರೆತ ಗಂಧಕದ ಕಲಿಲವನ್ನು ಅವರ ರಕ್ತನಾಳಕ್ಕೆ ನೀಡಿ ಚಿತ್ರ ತೆಗೆದಾಗ ಗುಲ್ಮದ ಜಾಗ ಬರಿದಾಗಿ ಕಂಡಿತು. ಅಂಗವಿತ್ತು, ಅದು ಕಣಗಳನ್ನು ಹಿಡಿಯುತ್ತಿರಲಿಲ್ಲ. ಈ ಸ್ಥಿತಿಗೆ ಅವರು ಕಾರ್ಯಾತ್ಮಕ ಗುಲ್ಮಹೀನತೆ ಎಂಬರ್ಥದ ಹೆಸರನ್ನು ಕೊಟ್ಟರು. ಮರುವರ್ಷ ಅದೇ ತಂಡವು ಚಿಕ್ಕ ಮಕ್ಕಳಿಗೆ ರಕ್ತಪೂರಣ ಮಾಡಿದ ಬಳಿಕ ಗುಲ್ಮವು ಚಿತ್ರದಲ್ಲಿ ಮತ್ತೆ ಮೂಡಿಬಂದುದನ್ನು ವರದಿ ಮಾಡಿತು. ಚಿಕಿತ್ಸೆಯ ನಂತರದ ಗುಲ್ಮಕಾರ್ಯವನ್ನು ಚಿತ್ರದಿಂದ ಅಳೆಯುವ ಪರಂಪರೆಯ ಆರಂಭವನ್ನು ಇಲ್ಲಿ ಗುರುತಿಸಬಹುದು. ಬೆರಳಿನ ಸಾಕ್ಷ್ಯದ ಮೇಲೆ ನಿಂತಿದ್ದ ಒಂದು ಶತಮಾನದ ಅಭ್ಯಾಸವನ್ನು ಈ ಎರಡು ಲೇಖನಗಳು ಪ್ರಶ್ನಿಸಿದವು.

5. ಮಾಪನದ ಕ್ರಮ

ಈ ಮಾಪನದ ಕೇಂದ್ರದಲ್ಲಿರುವುದು ಟೆಕ್ನೀಷಿಯಂ-99ಎಂ. ಇದರ ಅರ್ಧಾಯು ಸುಮಾರು 6 ಗಂಟೆ. ಇದು ಹೊರಸೂಸುವ ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ಚಿತ್ರ ತೆಗೆಯಲು ಸಾಕಾಗುವಷ್ಟು ಕಾಲ ಉಳಿದು, ರೋಗಿಯ ದೇಹದಲ್ಲಿ ಬಹುಕಾಲ ನಿಲ್ಲದಿರುವುದು ಇದರ ಗುಣ. ಸುಮಾರು 66 ಗಂಟೆಗಳ ಅರ್ಧಾಯುವಿನ ಮಾಲಿಬ್ಡಿನಂ-99ನ್ನು ತುಂಬಿದ ಜನಕಪಾತ್ರೆಯಿಂದ ಆಸ್ಪತ್ರೆಯಲ್ಲಿಯೇ ಇದನ್ನು ಪ್ರತಿದಿನ ಹಿಂಡಿಕೊಳ್ಳಬಹುದು.

ಗುಲ್ಮವನ್ನು ಚಿತ್ರಿಸಲು ಎರಡು ದಾರಿಗಳಿವೆ. ಒಂದನೆಯದು ಗಂಧಕದ ಕಲಿಲ. ಇದರ ಸೂಕ್ಷ್ಮ ಕಣಗಳನ್ನು ದೇಹದ ಕಬಳಕ ಕೋಶಗಳು ನುಂಗುತ್ತವೆ. ಆರೋಗ್ಯವಂತರಲ್ಲಿ ಶೇಕಡಾ 80ರಿಂದ 85ರಷ್ಟು ಯಕೃತ್ತಿಗೂ, 5ರಿಂದ 10ರಷ್ಟು ಗುಲ್ಮಕ್ಕೂ, ಉಳಿದದ್ದು ಅಸ್ಥಿಮಜ್ಜೆಗೂ ಸೇರುತ್ತದೆ. ಎರಡನೆಯದು ಕಾಯಿಸಿದ ಕೆಂಪು ಕಣ. ರೋಗಿಯದೇ ರಕ್ತದ ಕೆಂಪು ಕಣಗಳಿಗೆ ಟೆಕ್ನೀಷಿಯಂ ಅಂಟಿಸಿ, 49.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 15 ನಿಮಿಷ ಕಾಯಿಸಿ ಅವನ್ನು ಬಿರುಸುಗೊಳಿಸಿ ಹಿಂದಿರುಗಿಸಲಾಗುತ್ತದೆ. ಹಾಳಾದ ಕಣವನ್ನು ಹಿಡಿಯುವುದು ಗುಲ್ಮದ ಸ್ವಧರ್ಮವಾದ್ದರಿಂದ ಅವು ಬಹುಮಟ್ಟಿಗೆ ಗುಲ್ಮದಲ್ಲಿಯೇ ಸೇರುತ್ತವೆ. ಗುಲ್ಮದ ಸಣ್ಣ ತುಣುಕೂ ಇದರಿಂದ ಪತ್ತೆಯಾಗುತ್ತದೆ. ಉಷ್ಣತೆ ಕಡಿಮೆಯಾದರೆ ಕಣಗಳು ರಕ್ತದಲ್ಲಿಯೇ ಸುತ್ತುತ್ತವೆ, ಹೆಚ್ಚಾದರೆ ಒಡೆದು ಯಕೃತ್ತಿಗೆ ಹೋಗುತ್ತವೆ. ಫಲಿತಾಂಶದ ವಿಶ್ವಾಸಾರ್ಹತೆ ಪ್ರಯೋಗಾಲಯದ ನೀರಿನ ತೊಟ್ಟಿಯ ಉಷ್ಣಮಾಪಕವನ್ನು ಅವಲಂಬಿಸಿದೆ.

ಗಾಮಾ ಕ್ಯಾಮೆರಾ ದಾಖಲಿಸಿದ ಎಣಿಕೆಗಳಿಂದ ಗುಲ್ಮ ಮತ್ತು ಯಕೃತ್ತುಗಳ ಅನುಪಾತವನ್ನೋ, ನೀಡಿದ ಒಟ್ಟು ಪ್ರಮಾಣದಲ್ಲಿ ಗುಲ್ಮಕ್ಕೆ ಸೇರಿದ ಭಾಗವನ್ನೋ ಲೆಕ್ಕ ಹಾಕಲಾಗುತ್ತದೆ. ಮುಂದಿನಿಂದ ಮತ್ತು ಹಿಂದಿನಿಂದ ತೆಗೆದ ಎರಡು ಚಿತ್ರಗಳ ಗುಣೋತ್ತರ ಸರಾಸರಿಯನ್ನು ತೆಗೆದುಕೊಂಡರೆ, ಅಂಗವು ದೇಹದಲ್ಲಿ ಎಷ್ಟು ಆಳದಲ್ಲಿದೆ ಎಂಬುದರಿಂದ ಬರುವ ದೋಷ ತಗ್ಗುತ್ತದೆ. ಇತ್ತೀಚಿನ ಯಂತ್ರಗಳು ಮೂರು ಆಯಾಮದ ಗಾಮಾ ಚಿತ್ರವನ್ನು ಸಿ.ಟಿ. ಚಿತ್ರದ ಮೇಲೆ ಕೂರಿಸಿ, ಗಾತ್ರವನ್ನೂ ಕಾರ್ಯವನ್ನೂ ಒಂದೇ ನೋಟದಲ್ಲಿ ತೋರಿಸುತ್ತವೆ.

6. ಚಿಕಿತ್ಸೆಯ ನಂತರ: ಮೂರು ನಿದರ್ಶನಗಳು

ಮೊದಲನೆಯದು ಗಾಯದ ಪ್ರಸಂಗ. ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದಾಗ ಹೆಚ್ಚಾಗಿ ಹಾನಿಗೊಳ್ಳುವ ಅಂಗಗಳಲ್ಲಿ ಗುಲ್ಮವೂ ಒಂದು. ಗುಲ್ಮ ಒಡೆದು ಶಸ್ತ್ರಕ್ರಿಯೆಯಲ್ಲಿ ಅದನ್ನು ತೆಗೆದ ಮಕ್ಕಳಲ್ಲಿ ಕೆಲವರಿಗೆ, ಹೊಟ್ಟೆಯೊಳಗೆ ಚೆದುರಿದ ತುಣುಕುಗಳು ಬೇರೂರಿ ಗುಲ್ಮಕಾರ್ಯವು ಭಾಗಶಃ ಮರಳುವುದನ್ನು ಪಿಯರ್ಸನ್ ಮತ್ತು ಸಂಗಡಿಗರು 1978ರಲ್ಲಿ ತೋರಿಸಿ, ಅದನ್ನು ಮರುಹುಟ್ಟು ಪಡೆದ ಗುಲ್ಮವೆಂದು ಕರೆದರು. ಚಿತ್ರದಲ್ಲಿ ಮಿನುಗುವ ಆ ತುಣುಕುಗಳು ಉತ್ಸಾಹ ಹುಟ್ಟಿಸಿದವು. ಆದರೆ ಅಂಥ ತುಣುಕುಗಳಿದ್ದವರೂ ನ್ಯುಮೋಕಾಕಸ್ ಸೋಂಕಿಗೆ ಬಲಿಯಾದ ವರದಿಗಳು ಬಂದಾಗ, ಚಿತ್ರದಲ್ಲಿ ಕಂಡದ್ದೆಲ್ಲ ರಕ್ಷಣೆಯಲ್ಲ ಎಂಬುದು ಸ್ಪಷ್ಟವಾಯಿತು.

ಎರಡನೆಯದು ಅಂಗವನ್ನು ಉದ್ದೇಶಪೂರ್ವಕವಾಗಿ ಉಳಿಸುವ ಚಿಕಿತ್ಸೆ. ವಂಶಪಾರಂಪರ್ಯದ ಗೋಳಕಣ ರೋಗದಲ್ಲಿ ಗುಲ್ಮದ ಒಂದು ಭಾಗವನ್ನಷ್ಟೇ ತೆಗೆಯುವುದು, ಗಾಯಗೊಂಡ ಗುಲ್ಮದ ಅಪಧಮನಿಯನ್ನು ಒಳಗಿನಿಂದಲೇ ಮುಚ್ಚಿ ರಕ್ತಸ್ರಾವ ನಿಲ್ಲಿಸುವುದು ಈ ಬಗೆಯವು. ಇಲ್ಲಿ ಉಳಿದ ಭಾಗ ಜೀವಂತವಾಗಿದೆಯೇ ಎಂಬುದಕ್ಕೆ ಅಲ್ಟ್ರಾಸೌಂಡ್ ಉತ್ತರಿಸುತ್ತದೆ. ಅದು ಸೋಸುತ್ತಿದೆಯೇ ಎಂಬುದಕ್ಕೆ ಗಾಮಾ ಚಿತ್ರ ಉತ್ತರಿಸುತ್ತದೆ. ಎರಡೂ ಪ್ರಶ್ನೆಗಳನ್ನು ಒಂದೇ ಎಂದು ಭಾವಿಸುವುದು ತಪ್ಪು.

ಮೂರನೆಯದು ಔಷಧದ ಪ್ರಯೋಗ. ಸಿಕಲ್ ಸೆಲ್ ರೋಗದ 193 ಶಿಶುಗಳಿಗೆ ಎರಡು ವರ್ಷ ಹೈಡ್ರಾಕ್ಸಿಯೂರಿಯಾ ಅಥವಾ ಹುಸಿಮದ್ದು ನೀಡಿ ನಡೆಸಿದ ಬೇಬಿ ಹಗ್ ಎಂಬ ಅಮೆರಿಕದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದರ ಪ್ರಧಾನ ಅಳತೆಗಳಲ್ಲಿ ಒಂದು, ಟೆಕ್ನೀಷಿಯಂ ಚಿತ್ರದಲ್ಲಿ ಕಂಡ ಗುಲ್ಮಕಾರ್ಯ. ಔಷಧ ಪಡೆದ 70 ಮಕ್ಕಳಲ್ಲಿ 19 ಮಂದಿಯಲ್ಲಿಯೂ, ಹುಸಿಮದ್ದು ಪಡೆದ 74 ಮಕ್ಕಳಲ್ಲಿ 28 ಮಂದಿಯಲ್ಲಿಯೂ ಗುಲ್ಮಕಾರ್ಯ ಕುಂದಿತ್ತು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಈ ವ್ಯತ್ಯಾಸ ನಿರ್ಣಾಯಕವಾಗಲಿಲ್ಲ. ಆದರೆ ನೋವಿನ ಪ್ರಸಂಗಗಳು 375ರಿಂದ 177ಕ್ಕೆ ಇಳಿದಿದ್ದವು. ಚಿಕಿತ್ಸೆ ಆರಂಭವಾಗುವ ಮೊದಲೇ ಬಹುಪಾಲು ಶಿಶುಗಳ ಗುಲ್ಮಕಾರ್ಯ ಕುಂದಿತ್ತೆಂಬುದೂ ತಿಳಿದುಬಂದಿತ್ತು. ಪ್ರಧಾನ ಅಳತೆ ಸೋತಿತು. ರೋಗಿಗೆ ಪ್ರಯೋಜನ ದೊರೆಯಿತು. ಅಳತೆಯ ತೀರ್ಪನ್ನೇ ಚಿಕಿತ್ಸೆಯ ತೀರ್ಪೆಂದು ಓದಿದ್ದರೆ ಒಂದು ಒಳ್ಳೆಯ ಔಷಧವನ್ನು ಕೈಬಿಡಬೇಕಾಗುತ್ತಿತ್ತು.

7. ಮಾಪನದ ಮಿತಿಗಳು

ಮೇಲಿನ ನಿದರ್ಶನಗಳಿಂದ ಮೂರು ಆಕ್ಷೇಪಗಳನ್ನು ಎತ್ತಬಹುದು.

ಒಂದನೆಯದಾಗಿ, ಈ ಚಿತ್ರಗಳು ಅಳೆಯುವುದು ಸೋಸುವ ಶಕ್ತಿಯನ್ನು. ಪ್ರತಿಕಾಯಗಳನ್ನು ಸಿದ್ಧಪಡಿಸುವ ಶಕ್ತಿಯನ್ನು ಅವು ನೇರವಾಗಿ ಅಳೆಯುವುದಿಲ್ಲ. ಎರಡು ಶಕ್ತಿಗಳು ಗುಲ್ಮದ ಬೇರೆ ಬೇರೆ ಭಾಗಗಳಲ್ಲಿ ನೆಲೆಸಿವೆ. ಒಂದು ಉಳಿದಲ್ಲಿ ಇನ್ನೊಂದು ಉಳಿದೇ ಇರಬೇಕೆಂಬ ನಿಯಮವಿಲ್ಲ. ಆದ್ದರಿಂದ ವರದಿಯಲ್ಲಿ ಗುಲ್ಮಕಾರ್ಯ ಉಳಿದಿದೆ ಎಂದು ಬರೆಯುವುದಕ್ಕಿಂತ, ಸೋಸುವ ಕಾರ್ಯ ಇಷ್ಟು ಉಳಿದಿದೆ ಎಂದು ಬರೆಯುವುದು ಪ್ರಾಮಾಣಿಕ.

ಎರಡನೆಯದಾಗಿ, ಅನುಪಾತವೆಂಬುದು ಛೇದವನ್ನೂ ಅವಲಂಬಿಸಿದ ಸಂಖ್ಯೆ. ಯಕೃತ್ತು ಗಟ್ಟಿಯಾಗಿ ಕೆಡುವ ಸಿರೋಸಿಸ್‌ನಲ್ಲಿ ಕಲಿಲವು ಯಕೃತ್ತಿನಿಂದ ತಪ್ಪಿ ಗುಲ್ಮ ಮತ್ತು ಮಜ್ಜೆಗಳ ಕಡೆ ಸರಿಯುತ್ತದೆ. ಆಗ ಗುಲ್ಮದ ಅನುಪಾತ ಏರುತ್ತದೆ. ಗುಲ್ಮ ಸುಧಾರಿಸಿದೆಯೆಂದು ಇದರ ಅರ್ಥವಲ್ಲ. ಯಕೃತ್ತು ಸೋತಿದೆಯೆಂದು ಅರ್ಥ. ಯಕೃತ್ತಿನ ಸ್ಥಿತಿಯನ್ನು ಹೇಳದೆ ಅನುಪಾತವನ್ನಷ್ಟೇ ಕೊಡುವ ವರದಿ ಅಪೂರ್ಣ.

ಮೂರನೆಯದಾಗಿ, ಹೊರನಾಡಿನ ಅಧ್ಯಯನಗಳ ತೀರ್ಮಾನಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆಫ್ರಿಕಾ ಮೂಲದ ಸಿಕಲ್ ಸೆಲ್ ರೋಗಿಗಳಲ್ಲಿ ಗುಲ್ಮವು ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಮುರುಟಿಹೋಗುತ್ತದೆ. ಭಾರತದ ಬುಡಕಟ್ಟು ಜನರಲ್ಲಿ ಕಾಣುವ ಅರಬ್-ಭಾರತೀಯ ಬಗೆಯಲ್ಲಿ ಭ್ರೂಣದ ಹಿಮೊಗ್ಲೋಬಿನ್ ಹೆಚ್ಚಾಗಿರುವುದರಿಂದ ಗುಲ್ಮವು ದೊಡ್ಡದಾಗಿಯೇ ಬಹುಕಾಲ ಉಳಿಯುವುದುಂಟು. ಮಳವಳ್ಳಿಯ ಗಡಿಯಲ್ಲಿ ಹರಿಯುವ ಕಾವೇರಿಯ ಆಚೆ, ಕೊಳ್ಳೇಗಾಲ ಯಳಂದೂರುಗಳನ್ನು ದಾಟಿದರೆ ಸಿಗುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ರೋಗವಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನವು ರೋಗವನ್ನು ಗುರುತಿಸಲು ಒತ್ತು ಕೊಟ್ಟಿದೆ. ಗುರುತಿಸಿದ ಬಳಿಕ, ಕೈಗೆ ಸಿಗುವ ಆ ದೊಡ್ಡ ಗುಲ್ಮ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗೆ ಇಲ್ಲಿಯ ರೋಗಿಗಳನ್ನೇ ಪರೀಕ್ಷಿಸಿ ಉತ್ತರ ಪಡೆಯಬೇಕಾಗುತ್ತದೆ.

8. ಮಂಡ್ಯ, ಮದ್ದೂರು, ಮಳವಳ್ಳಿಗಳ ಸಂದರ್ಭ

ಈ ಮೂರು ತಾಲ್ಲೂಕುಗಳಲ್ಲಿ ಗುಲ್ಮದ ಪ್ರಶ್ನೆ ಇಂದು ಬೇರೆ ರೂಪಗಳಲ್ಲಿ ಎದುರಾಗುತ್ತದೆ. ಮದ್ದೂರು ಮಂಡ್ಯಗಳನ್ನು ಹಾಯುವ ಬೆಂಗಳೂರು–ಮೈಸೂರು ಹೆದ್ದಾರಿಯ ಹೊಸ ದಶಪಥವು 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿ, ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ ಮತ್ತು ಆಟೋಗಳ ಸಂಚಾರವನ್ನು ನಿಷೇಧಿಸಬೇಕಾಯಿತು. ರಸ್ತೆ ಅಪಘಾತದಲ್ಲಿ ಗುಲ್ಮ ಒಡೆದವರಿಗೆ ಮೊದಲು ಬೇಕಾದುದು ಪ್ರಾಣರಕ್ಷಣೆ. ಅದರ ಕಾರ್ಯದ ಚಿಂತೆ ಆನಂತರದ್ದು. ಆದರೆ ಆ ಆನಂತರವೆಂಬುದು ರೋಗಿ ಊರಿಗೆ ಮರಳಿದ ಮೇಲೆ ಬರುತ್ತದೆ, ಮತ್ತು ಬಹುತೇಕ ಕಳೆದುಹೋಗುವುದೂ ಅಲ್ಲಿಯೇ.

ಗಾಮಾ ಚಿತ್ರಣದ ಸೌಲಭ್ಯವು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳಲ್ಲಿ ಕೇಂದ್ರೀಕೃತವಾಗಿದೆ. ಆರು ಗಂಟೆಯಲ್ಲಿ ಅರ್ಧ ಕರಗುವ ವಸ್ತುವನ್ನು ಪ್ರತಿ ತಾಲ್ಲೂಕಿಗೆ ಸಾಗಿಸಿ, ಪ್ರತಿ ತಾಲ್ಲೂಕಿನಲ್ಲಿ ಕ್ಯಾಮೆರಾ ಇರಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಇಲ್ಲಿ ಮಲೇರಿಯಾ ಕಾಲದ ಇನ್ನೊಂದು ಆಸ್ತಿಯನ್ನು ನೆನೆಯಬೇಕು. ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೌಶಲವನ್ನು ಮಲೇರಿಯಾ ಕಾರ್ಯಕ್ರಮವು ಗ್ರಾಮಾಂತರದ ಆರೋಗ್ಯ ಕೇಂದ್ರಗಳವರೆಗೆ ಒಯ್ದಿತು. ಗುಲ್ಮ ಸೋಸುವುದನ್ನು ನಿಲ್ಲಿಸಿದಾಗ ಕೆಂಪು ಕಣಗಳೊಳಗೆ ಉಳಿಯುವ ಹೊವೆಲ್–ಜಾಲಿ ಕಾಯಗಳೆಂಬ ನ್ಯೂಕ್ಲಿಯಸ್ಸಿನ ತುಣುಕುಗಳು, ಲೀಶ್ಮನ್ ಬಣ್ಣ ಹಾಕಿದ ಸಾಮಾನ್ಯ ಲೇಪನದಲ್ಲಿ ಕಾಣುತ್ತವೆ. ಅವು ಕಂಡರೆ ಗುಲ್ಮಕಾರ್ಯ ಕುಂದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಕಾಣದಿದ್ದರೆ ಕಾರ್ಯ ಸರಿಯಿದೆಯೆಂದು ಹೇಳಲಾಗದು. ಅಲ್ಪಸ್ವಲ್ಪ ಕುಂದನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. ಲೇಪನವು ಮೊದಲ ಜರಡಿಯಾಗಿ, ಗಾಮಾ ಚಿತ್ರವು ಸಂದಿಗ್ಧ ಪ್ರಸಂಗಗಳ ನಿರ್ಣಾಯಕವಾಗಿ ಇರುವ ವ್ಯವಸ್ಥೆ ಈ ಸೀಮೆಗೆ ಹೊಂದುತ್ತದೆ.

ಅಳತೆ ಏನೇ ಹೇಳಲಿ, ಅದರಿಂದ ಆಗಬೇಕಾದ ಕೆಲಸ ಸರಳ. ಗುಲ್ಮ ಕಳೆದುಕೊಂಡವರಿಗೂ ಅದರ ಕಾರ್ಯ ಸಂದೇಹಾಸ್ಪದವಾದವರಿಗೂ ನ್ಯುಮೋಕಾಕಸ್, ಮೆನಿಂಗೊಕಾಕಸ್ ಹಾಗೂ ಹೀಮೊಫಿಲಸ್ ಲಸಿಕೆಗಳು ಬೇಕು. ಸಿಕಲ್ ಸೆಲ್ ರೋಗದ ಮಕ್ಕಳಿಗೆ ಪ್ರತಿದಿನ ಪೆನಿಸಿಲಿನ್ ಕೊಡುವುದರಿಂದ ನ್ಯುಮೋಕಾಕಸ್ ಸೋಂಕು ಶೇಕಡಾ 84ರಷ್ಟು ತಗ್ಗುತ್ತದೆಂದು 1986ರ ಪ್ರಯೋಗವೊಂದು ತೋರಿಸಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2017ರಿಂದ ಹಂತಹಂತವಾಗಿ ಸೇರಿದ ನ್ಯುಮೋಕಾಕಸ್ ಲಸಿಕೆ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು, ಅದು ಶಿಶುಗಳಿಗೆ. ಅಪಘಾತದಲ್ಲಿ ಗುಲ್ಮ ಕಳೆದುಕೊಂಡ ಮೂವತ್ತರ ರೈತನಿಗೆ ಆ ಲಸಿಕೆಯನ್ನು ಯಾರಾದರೂ ನೆನಪಿಸಿ ಕೊಡಿಸಬೇಕು. ಚಳಿಜ್ವರದ ಪ್ರದೇಶಕ್ಕೆ ಹೋದರೆ ಅವನಿಗೆ ಉಳಿದವರಿಗಿಂತ ಅಪಾಯ ಹೆಚ್ಚು. ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಭಾಷೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಜನರ ಮಾತಿನಲ್ಲಿ ಸ್ಕ್ಯಾನಿಂಗ್ ಎಂಬ ಒಂದೇ ಪದವು ಅಲ್ಟ್ರಾಸೌಂಡ್, ಸಿ.ಟಿ., ಎಂ.ಆರ್.ಐ. ಮತ್ತು ಗಾಮಾ ಚಿತ್ರಗಳೆಲ್ಲವನ್ನೂ ಒಳಗೊಳ್ಳುತ್ತದೆ. ಸ್ಕ್ಯಾನಿಂಗಿನಲ್ಲಿ ಗುಲ್ಮ ಚೆನ್ನಾಗಿದೆ ಎಂದು ಕೇಳಿದ ಮನೆಯವರು ಆಕಾರ ಚೆನ್ನಾಗಿದೆಯೆಂದು ಗ್ರಹಿಸುವುದಿಲ್ಲ, ಗುಲ್ಮವೇ ಚೆನ್ನಾಗಿದೆಯೆಂದು ಗ್ರಹಿಸುತ್ತಾರೆ. ಬಿಡುಗಡೆಯ ಚೀಟಿ ಇಂಗ್ಲಿಷಿನಲ್ಲಿದ್ದು, ಅದರ ತಾತ್ಪರ್ಯ ಬಾಯಿಮಾತಿನಲ್ಲಿ ಹೇಳಲ್ಪಡುವ ಕಡೆ ಈ ಅಂತರ ಅಪಾಯಕಾರಿ. ಉಳಿದ ಗುಲ್ಮ ಮತ್ತು ಉಳಿದ ಗುಲ್ಮಕಾರ್ಯ ಎಂಬ ಎರಡು ಮಾತುಗಳನ್ನು ಬೇರ್ಪಡಿಸಿ ಹೇಳಿದರೆ ಕನ್ನಡದಲ್ಲಿಯೇ ಈ ವಿಷಯ ಸ್ಪಷ್ಟವಾಗುತ್ತದೆ. ಇದಕ್ಕೆ ಹೊಸ ಪಾರಿಭಾಷಿಕ ಪದಗಳ ಭಾರವೇನೂ ಬೇಕಿಲ್ಲ.

9. ಉಪಸಂಹಾರ

ಯಮುನೆಯ ನಾಲೆಯಿಂದ ಕಾವೇರಿಯ ನಾಲೆಯವರೆಗೆ ಗುಲ್ಮವನ್ನು ಎಣಿಸಿದ ಕೈಗಳು ಊರಿನ ರೋಗವನ್ನು ಗುರುತಿಸಿದವು. ಟೆಕ್ನೀಷಿಯಂ ಚಿತ್ರವು ವ್ಯಕ್ತಿಯೊಬ್ಬನ ಅಂಗವು ಎಷ್ಟು ಸೋಸುತ್ತದೆ ಎಂಬುದನ್ನು ತೋರಿಸಿತು. ಮೊದಲನೆಯ ಅಳತೆಯ ದೋಷ, ಗಾತ್ರವನ್ನು ಅಂಗವೆಂದು ತಿಳಿಯುವ ಅಭ್ಯಾಸವನ್ನು ಬಿಟ್ಟುಹೋದದ್ದು. ಎರಡನೆಯ ಅಳತೆಯಲ್ಲಿಯೂ ಅಂಥದೇ ಅಪಾಯವಿದೆ: ಸೋಸುವಿಕೆಯನ್ನು ಸಮಗ್ರ ಕಾರ್ಯವೆಂದು, ಚಿತ್ರದಲ್ಲಿನ ಹೊಳಪನ್ನು ರಕ್ಷಣೆಯೆಂದು ತಿಳಿಯುವುದು. ಅಳತೆಯ ಮಿತಿಯನ್ನು ಅಳತೆಯೊಡನೆಯೇ ಹೇಳುವ ಶಿಸ್ತು ವೈದ್ಯವರದಿಗಳಿಗೂ ಕನ್ನಡದ ವೈದ್ಯಸಾಹಿತ್ಯಕ್ಕೂ ಸಮಾನವಾಗಿ ಬೇಕು. ಸಂದೇಹ ಉಳಿದ ಕಡೆ ರೋಗಿಯನ್ನು ಗುಲ್ಮವಿಲ್ಲದವನೆಂದೇ ಎಣಿಸಿ ಲಸಿಕೆ ಮತ್ತು ಎಚ್ಚರಿಕೆಗಳನ್ನು ಕೊಡುವುದು, ಚಿತ್ರದ ಹೊಳಪನ್ನು ನಂಬಿ ಸುಮ್ಮನಿರುವುದಕ್ಕಿಂತ ಕ್ಷೇಮ.